ಹಾಲುಬಾಯಿ ಮುರಿಯುತ್ತದೆ, ಈ ಜೆಲ್ ಏಕೆ ಮುರಿಯುವುದಿಲ್ಲ?

ತಟ್ಟೆಯಲ್ಲಿ ಆರಿದ ಹಾಲುಬಾಯಿಯ ಒಂದು ತುಂಡನ್ನು ಬೆರಳುಗಳಲ್ಲಿ ಹಿಡಿದು ಬಗ್ಗಿಸಿ ನೋಡಿ. ಸ್ವಲ್ಪ ಬಾಗುತ್ತದೆ, ಅದುರುತ್ತದೆ, ಅಂಚಿನಲ್ಲಿ ಕೂದಲಿನಷ್ಟು ಬಿರುಕು ಕಾಣಿಸುತ್ತದೆ. ಮರುಕ್ಷಣ ಎರಡು ಹೋಳು. ಅಕ್ಕಿ, ಕಾಯಿ, ಬೆಲ್ಲ ಅರೆದು ಕಾಯಿಸಿ ಮಾಡುವ ನಮ್ಮ ಮಲೆನಾಡಿನ ಈ ತಿಂಡಿ ಒಂದು ಜೆಲ್. ಪಿಷ್ಟದ ಉದ್ದನೆಯ ಎಳೆಗಳು ಬಲೆಯಾಗಿ ನೀರನ್ನು ಹಿಡಿದಿಟ್ಟಿರುತ್ತವೆ.

ಪಾಲಿಮರ್ ಎಂಬ ಉದ್ದನೆಯ ಸರಪಳಿ ಅಣುಗಳ ಎಳೆಗಳಿಂದ ನೀರನ್ನು ಹಿಡಿದಿಡುವ ಪ್ರಯೋಗಾಲಯದ ಜೆಲ್‌ಗಳಿಗೂ, ಅಂದರೆ ಹೈಡ್ರೋಜೆಲ್‌ಗಳಿಗೂ, ಬಹುಕಾಲ ಇದೇ ದೌರ್ಬಲ್ಯವಿತ್ತು. ಎಳೆಗಳನ್ನು ಬೆಸೆಯುವ ರಾಸಾಯನಿಕ ಗಂಟುಗಳು ಎಲ್ಲೆಂದರಲ್ಲಿ ಬೀಳುತ್ತವೆ. ಗಂಟಿನಿಂದ ಗಂಟಿಗೆ ಒಂದು ಕಡೆ ಗಿಡ್ಡ ಎಳೆ, ಇನ್ನೊಂದು ಕಡೆ ಉದ್ದ ಎಳೆ. ಜಗ್ಗಿದಾಗ ಗಿಡ್ಡದ್ದು ಮೊದಲು ಹರಿಯುತ್ತದೆ, ಅದರ ಭಾರ ಪಕ್ಕದ್ದಕ್ಕೆ ಬೀಳುತ್ತದೆ, ಬಿರುಕು ಓಡುತ್ತದೆ.

2002ರಲ್ಲಿ ಜಪಾನಿನ ಕಝುತೋಶಿ ಹರಗುಚಿ ಮತ್ತು ಸಂಗಡಿಗರು ಆ ಗಂಟುಗಳ ಜಾಗದಲ್ಲಿ ಜೇಡಿಯನ್ನು ಕೂರಿಸಿದರು. ನಮ್ಮ ಜಂಬಿಟ್ಟಿಗೆಯ ಕೆಂಪು ಮಣ್ಣಲ್ಲ. ಅದರ ಜೇಡಿಯ ಪದರಗಳು ನೀರಿನಲ್ಲಿ ಬಿಚ್ಚಿಕೊಳ್ಳುವುದಿಲ್ಲ. ಅವರು ಬಳಸಿದ್ದು ಬಯಲುಸೀಮೆಯ ಎರೆಮಣ್ಣನ್ನು ಉಬ್ಬಿಸುವ ಖನಿಜದ ಬಳಗಕ್ಕೇ ಸೇರಿದ, ಕಾರ್ಖಾನೆಯಲ್ಲಿ ತಯಾರಾದ ಜೇಡಿ. ಅದರ ಒಂದೊಂದು ಕಣವೂ ಒಂದು ಬಿಲ್ಲೆ: ಅಗಲ ಸುಮಾರು 30 ನ್ಯಾನೋಮೀಟರ್, ದಪ್ಪ ಸುಮಾರು 1. ಮಿಲಿಮೀಟರನ್ನು ಹತ್ತು ಲಕ್ಷ ಪಾಲು ಮಾಡಿದರೆ ಒಂದು ಪಾಲು ಒಂದು ನ್ಯಾನೋಮೀಟರ್.

ಒಂದೊಂದು ಬಿಲ್ಲೆಗೂ ಹಲವಾರು ಎಳೆಗಳು ಅಂಟಿಕೊಳ್ಳುತ್ತವೆ. ಬಿಲ್ಲೆಯಿಂದ ಬಿಲ್ಲೆಗೆ ಹೋಗುವ ಎಳೆ ಉದ್ದವಾಗಿ, ಸಡಿಲವಾಗಿ ಸುರುಳಿ ಸುತ್ತಿಕೊಂಡಿರುತ್ತದೆ. ಎಳೆದರೆ ಸುರುಳಿ ಬಿಚ್ಚುತ್ತದೆ, ಭಾರ ಹತ್ತಾರು ಎಳೆಗಳಿಗೆ ಹಂಚಿಹೋಗುತ್ತದೆ. ಈ ಜೆಲ್ ಮೂಲ ಅಳತೆಯ ಹತ್ತು ಪಟ್ಟು ಹಿಗ್ಗಿದರೂ ತುಂಡಾಗಲಿಲ್ಲ. ಕೈಬಿಟ್ಟರೆ ಬಹುಮಟ್ಟಿಗೆ ಹಿಂದಿನ ಅಳತೆಗೇ ಮರಳಿತು. ಮಣ್ಣು ಬೆರೆತ ನೀರೆಂದರೆ ನಮಗೆ ಆಷಾಢದ ತುಂಗೆಯ ಕೆಂಪು ರಾಡಿ. ಆದರೆ ಇದು ಗಾಜಿನಂತೆ ತಿಳಿ. ಬೆಳಕಿನ ತರಂಗಕ್ಕಿಂತ ಎಷ್ಟೋ ಚಿಕ್ಕದಾದ ಬಿಲ್ಲೆಗಳು ಗುಂಪುಗೂಡದೆ ಸಮನಾಗಿ ಹರಡಿಕೊಂಡಿರುವುದೇ ಕಾರಣ. ನನ್ನನ್ನು ಹೆಚ್ಚು ಬೆರಗುಗೊಳಿಸಿದ್ದು ಇದೇ.

ಅವರು ಆಯ್ದ ಪಾಲಿಮರ್‌ಗೆ ಇನ್ನೊಂದು ಗುಣವಿದೆ: ಸುಮಾರು 32 ಡಿಗ್ರಿ ಸೆಲ್ಸಿಯಸ್ ದಾಟಿದರೆ ಎಳೆಗಳು ನೀರನ್ನು ಬಿಟ್ಟು ಮುದುಡಿಕೊಳ್ಳುತ್ತವೆ. ಆಗುಂಬೆಯ ಮಳೆಯ ದಿನ ಉಬ್ಬಿ ನಿಂತ ತುಂಡು, ಏಪ್ರಿಲ್ ಮಧ್ಯಾಹ್ನದ ಶಿವಮೊಗ್ಗದಲ್ಲಿ ತನ್ನ ನೀರನ್ನು ತಾನೇ ಹಿಂಡಿಕೊಂಡು ಕುಗ್ಗೀತು. ಜೇಡಿಯನ್ನು ಹೆಚ್ಚಿಸುತ್ತ ಹೋದರೆ ಆ ಕುಗ್ಗುವಿಕೆಯೂ ಇಳಿಯುತ್ತದೆ. ಬಿಲ್ಲೆಗಳ ಹಿಡಿತದಲ್ಲಿರುವ ಎಳೆಗಳಿಗೆ ಮುದುಡಲು ಎಡೆಯೇ ಸಿಗುವುದಿಲ್ಲ.