ಯಂತ್ರ ಬಂತು, ಸೆಟ್ಟರ್ ಎಲ್ಲಿ?

ಪೀಣ್ಯದಲ್ಲಿ ಹೊಸ ಸಿಎನ್‌ಸಿ (ಕಂಪ್ಯೂಟರ್ ಪ್ರೋಗ್ರಾಂನಿಂದ ಲೋಹ ಕತ್ತರಿಸುವ) ಯಂತ್ರ ಕೊಂಡ ಯಾವುದೇ ಸಣ್ಣ ಘಟಕದ ಮಾಲೀಕರನ್ನು ಕೇಳಿ. ಬೆಲೆ ಎಷ್ಟು, ಬ್ಯಾಂಕಿನ ಕಂತು ಎಷ್ಟು, ಎಷ್ಟು ವರ್ಷದ ಸಾಲ ಎಂಬುದನ್ನೆಲ್ಲ ಥಟ್ಟನೆ ಹೇಳುತ್ತಾರೆ. ಆ ಯಂತ್ರ ದಿನಕ್ಕೆ ಎಷ್ಟು ಗಂಟೆ ನಿಜವಾಗಿ ಲೋಹ ಕತ್ತರಿಸುತ್ತದೆ ಎಂದು ಕೇಳಿದರೆ ಮಾತ್ರ ಉತ್ತರ ತಡವಾಗುತ್ತದೆ. ಸಣ್ಣ ಕೈಗಾರಿಕೆಗಳಿಗೆ ಉತ್ಪಾದನಾ ಸಲಹೆ ಕೊಡುವ ಕೆಲಸದಲ್ಲಿ ನಾನು ಮೊದಲು ಅಳೆಯುವುದು ಇದನ್ನೇ. ದೇಶದ ಉತ್ಪಾದಕತೆ ಎಂದು ಬಜೆಟ್ ಭಾಷಣಗಳಲ್ಲಿ ಬರುವ ಮಾತು ಕೊನೆಗೆ ಬಂದು ನಿಲ್ಲುವುದು ಈ ಗಂಟೆಗಳ ಲೆಕ್ಕದಲ್ಲಿ.

ಜಾಬ್ ವರ್ಕ್, ಅಂದರೆ ಬೇರೆ ಕಂಪನಿಗಳ ಆರ್ಡರಿಗೆ ಬಿಡಿಭಾಗ ಮಾಡಿಕೊಡುವ ಘಟಕದಲ್ಲಿ ಒಂದೇ ಬಿಡಿಭಾಗ ತಿಂಗಳುಗಟ್ಟಲೆ ಓಡುವುದಿಲ್ಲ. ಬೆಳಿಗ್ಗೆ ಒಂದು ಬುಷ್, ಮಧ್ಯಾಹ್ನ ಒಂದು ಫ್ಲೇಂಜ್, ರಾತ್ರಿ ಪಾಳಿಗೆ ಇನ್ನೊಂದು. ಪ್ರತಿ ಬದಲಾವಣೆಗೂ ಬಿಡಿಭಾಗವನ್ನು ಹಿಡಿಯುವ ಚಕ್ಕಿನ ಜಾ (ಹಿಡಿಕೆಯ ದವಡೆ) ಬಿಚ್ಚಬೇಕು, ಸಾಫ್ಟ್ ಜಾ ಹಾಕಿ ಬೋರ್ ಮಾಡಬೇಕು, ಟೂಲ್‌ಗಳನ್ನು ಕೂರಿಸಿ ಆಫ್‌ಸೆಟ್ (ಟೂಲ್ ತುದಿ ಎಲ್ಲಿದೆ ಎಂಬ ಅಳತೆ) ತೆಗೆದುಕೊಳ್ಳಬೇಕು, ಫಸ್ಟ್ ಪೀಸ್ ಹೊಡೆದು ಇನ್‌ಸ್ಪೆಕ್ಷನ್‌ಗೆ ಕಳಿಸಿ ಓಕೆ ಬರುವವರೆಗೆ ಕಾಯಬೇಕು. ಸೆಟಪ್ ಎನ್ನುವ ಈ ತಯಾರಿಯ ಅವಧಿಯಲ್ಲಿ ಯಂತ್ರ ಒಂದು ರೂಪಾಯಿಯನ್ನೂ ದುಡಿಯುವುದಿಲ್ಲ. ಎರಡು ಪಾಳಿಯ ಹದಿನಾರು ಗಂಟೆಯಲ್ಲಿ ಮೂರು ಸೆಟಪ್, ಒಂದೊಂದಕ್ಕೆ ಎರಡೂವರೆ ಗಂಟೆ ಎಂದಿಟ್ಟುಕೊಳ್ಳಿ: ಏಳೂವರೆ ಗಂಟೆ ಅಲ್ಲೇ ಹೋಯಿತು. ಮುಂದಿನ ಜಾಬ್‌ನ ಟೂಲ್‌ಗಳನ್ನು, ಜಾಗಳನ್ನು ಯಂತ್ರ ಓಡುತ್ತಿರುವಾಗಲೇ ಟ್ರಾಲಿಯಲ್ಲಿ ಜೋಡಿಸಿಟ್ಟು ಸೆಟಪ್ಪನ್ನು ಒಂದು ಗಂಟೆಗೆ ಇಳಿಸಿದರೆ ನಾಲ್ಕೂವರೆ ಗಂಟೆ ವಾಪಸ್ ಸಿಗುತ್ತದೆ. ಹೊಸ ಯಂತ್ರ ಬೇಡ, ಹೊಸ ಶೆಡ್ ಬೇಡ. ಆದರೆ ಅದಕ್ಕೆ ಡ್ರಾಯಿಂಗ್ ಓದಬಲ್ಲ, ಪ್ರೋಗ್ರಾಂ ತಿದ್ದಬಲ್ಲ ಒಬ್ಬ ಒಳ್ಳೆಯ ಸೆಟ್ಟರ್ ಬೇಕು. ನಾನು ಕಂಡ ಬಹುತೇಕ ಸಣ್ಣ ಘಟಕಗಳಲ್ಲಿ ಅಂಥವರು ಒಬ್ಬರೇ ಇರುತ್ತಾರೆ. ಅವರು ಊರಿಗೆ ಹಬ್ಬಕ್ಕೆ ಹೋದರೆ ಯಂತ್ರಗಳು ಹಳೆಯ ಜಾಬ್ ಮುಗಿಸಿ ನಿಲ್ಲುತ್ತವೆ.

ಹೂಡಿಕೆಯ ವಿಷಯದಲ್ಲಿ ಸರ್ಕಾರ ಸುಮ್ಮನೆ ಕೂತಿಲ್ಲ. 2025ರ ಜನವರಿಯಲ್ಲಿ ಒಪ್ಪಿಗೆ ಪಡೆದ ಮ್ಯೂಚುವಲ್ ಕ್ರೆಡಿಟ್ ಗ್ಯಾರಂಟಿ ಯೋಜನೆಯಲ್ಲಿ ಯಂತ್ರೋಪಕರಣಕ್ಕಾಗಿ ತೆಗೆದುಕೊಳ್ಳುವ 100 ಕೋಟಿ ರೂಪಾಯಿವರೆಗಿನ ಸಾಲಕ್ಕೆ ಶೇ 60ರಷ್ಟು ಖಾತರಿ ಇದೆ. ಸೂಕ್ಷ್ಮ ಮತ್ತು ಸಣ್ಣ ಉದ್ದಿಮೆಗಳ ಸಾಲ ಖಾತರಿಯ ಮಿತಿಯನ್ನು 2025ರ ಬಜೆಟ್ 5 ಕೋಟಿಯಿಂದ 10 ಕೋಟಿಗೆ ಏರಿಸಿತು. ತೆರಿಗೆಯಲ್ಲಿ ಮಾತ್ರ ನನಗೆ ತಕರಾರಿದೆ. 2019ರ ಸೆಪ್ಟೆಂಬರ್‌ನಲ್ಲಿ ಹೂಡಿಕೆ ಹೆಚ್ಚಲಿ ಎಂದು ಕಂಪನಿಗಳಿಗೆ ಶೇ 22ರ ತೆರಿಗೆ ದರದ ಆಯ್ಕೆ ಕೊಟ್ಟರು. ಆದರೆ ಅಣ್ಣ ತಮ್ಮ ಸೇರಿ ನಡೆಸುವ ಪಾಲುದಾರಿಕೆ ಸಂಸ್ಥೆಯ ಮೂಲ ದರ ಶೇ 30ರಲ್ಲೇ ಉಳಿಯಿತು. ಕೈಗಾರಿಕಾ ಪ್ರದೇಶದ ಅಡ್ಡರಸ್ತೆಗಳಲ್ಲಿರುವ ಬೋರ್ಡುಗಳನ್ನು ಓದುತ್ತ ಹೋದರೆ ಪ್ರೈವೇಟ್ ಲಿಮಿಟೆಡ್‌ಗಿಂತ ಇಂಡಸ್ಟ್ರೀಸ್, ಎಂಜಿನಿಯರಿಂಗ್ ವರ್ಕ್ಸ್ ಎಂಬ ಹೆಸರುಗಳೇ ಹೆಚ್ಚು ಕಾಣುತ್ತವೆ. ಲಾಭವನ್ನು ಮತ್ತೆ ಯಂತ್ರಕ್ಕೆ ಹಾಕುವವರು ಇವರೇ.

ಕೌಶಲದ ಗಂಟು ಇದಕ್ಕಿಂತ ಬಿಗಿ. ಹುಡುಗನಿಗೆ ಸೆಟ್ಟಿಂಗ್ ಕಲಿಸಿ ಎಂದರೆ ಮಾಲೀಕರು ಹೇಳುವುದು ಒಂದೇ ಮಾತು: "ಕಲಿಸ್ಬೋದು ಸಾರ್, ಕಲಿತ ಮೇಲೆ ದೊಡ್ಡ ಕಂಪನಿಗೆ ಹೊರಟೋಗ್ತಾನಲ್ಲ." ಅವರದು ಜಿಪುಣತನವಲ್ಲ. ಕಲಿಸುವ ಖರ್ಚು ಅವರದು. ಕಲಿತ ಕೈಯ ಲಾಭ ಇನ್ನೊಬ್ಬರದು. ಹೀಗಾಗಿ ಯಾರೂ ಕಲಿಸುವುದಿಲ್ಲ, ಎಲ್ಲರೂ ಪಕ್ಕದ ಶೆಡ್‌ನಿಂದ ಆಳು ಸೆಳೆಯಲು ನೋಡುತ್ತಾರೆ. ಸರ್ಕಾರದ ಹಣ ಬರಬೇಕಾದ ಜಾಗ ಇದೇ. 2016ರಲ್ಲಿ ಶುರುವಾದ ರಾಷ್ಟ್ರೀಯ ಅಪ್ರೆಂಟಿಸ್‌ಷಿಪ್ ಉತ್ತೇಜನ ಯೋಜನೆ ಸ್ಟೈಪೆಂಡಿನ ಶೇ 25ರಷ್ಟನ್ನು, ತಿಂಗಳಿಗೆ ಗರಿಷ್ಠ 1,500 ರೂಪಾಯಿಯಂತೆ ಭರಿಸುವ ಲೆಕ್ಕ ಹಾಕಿಕೊಂಡಿತು. ನೆರವು ಒಳ್ಳೆಯದೇ. ಆದರೆ ಅಪ್ರೆಂಟಿಸ್‌ಗೆ ಕಲಿಸುವಾಗ ದುಬಾರಿಯಾಗುವುದು ಸ್ಟೈಪೆಂಡ್ ಅಲ್ಲ. ಸೆಟ್ಟರ್ ತನ್ನ ಕೆಲಸ ಬಿಟ್ಟು ಅವನ ಪಕ್ಕ ನಿಲ್ಲುವ ಗಂಟೆಗಳು, ಹಾಳಾಗುವ ಮೆಟೀರಿಯಲ್, ಮುರಿಯುವ ಇನ್ಸರ್ಟ್‌ಗಳು (ಟೂಲ್‌ನ ಕತ್ತರಿಸುವ ತುದಿಗಳು) ನಿಜವಾದ ಖರ್ಚು. ಅದಕ್ಕೆ ಯಾವ ಕಾಲಂನಲ್ಲೂ ಜಾಗವಿಲ್ಲ.

2019ರ ನಿಯಮಗಳ ಪ್ರಕಾರ 30 ಅಥವಾ ಹೆಚ್ಚು ಮಂದಿ ಇರುವ ಸಂಸ್ಥೆ ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಲೇಬೇಕು. 4ರಿಂದ 29 ಜನರಿರುವ ಕಡೆ ಅದು ಇಚ್ಛೆಗೆ ಬಿಟ್ಟದ್ದು. ಪೀಣ್ಯದ ಸಣ್ಣ ಘಟಕಗಳು ಬಹುಪಾಲು ಈ ಎರಡನೇ ಗುಂಪಿನವು. ಪೋರ್ಟಲ್‌ನಲ್ಲಿ ನೋಂದಣಿ, ಕರಾರು, ಹಾಜರಾತಿ ಇವನ್ನೆಲ್ಲ ನೋಡಿಕೊಳ್ಳಲು ಅಲ್ಲಿ ಎಚ್‌ಆರ್ ವಿಭಾಗವಿಲ್ಲ, ಮಾಲೀಕರೇ ರಾತ್ರಿ ಕೂತು ತುಂಬಬೇಕು. ಹತ್ತು ಹದಿನೈದು ಘಟಕಗಳು ಸೇರಿ ಒಂದು ಅಪ್ರೆಂಟಿಸ್ ತಂಡ ಇಟ್ಟುಕೊಂಡು, ಹುಡುಗರನ್ನು ಮೂರು ತಿಂಗಳು ಇಲ್ಲಿ, ಮೂರು ತಿಂಗಳು ಅಲ್ಲಿ ತಿರುಗಿಸಿ, ಕಾಗದಪತ್ರವನ್ನು ಕೈಗಾರಿಕಾ ಸಂಘವೇ ನೋಡಿಕೊಂಡರೆ ಹೊರೆ ಹಂಚಿಹೋಗುತ್ತದೆ. ಕಲಿತವನು ಪಕ್ಕದ ಶೆಡ್‌ಗೆ ಹೋದರೂ ಒಕ್ಕೂಟದೊಳಗೇ ಇರುತ್ತಾನೆ. ಜೊತೆಗೆ ಅವನ ಸಂಬಳವೂ ಏರಬೇಕು ಎಂಬುದನ್ನು ಮಾಲೀಕರಿಗೆ ನಾನು ಮುಲಾಜಿಲ್ಲದೆ ಹೇಳುತ್ತೇನೆ. ದಿನಕ್ಕೆ ನಾಲ್ಕು ಗಂಟೆ ಯಂತ್ರ ಉಳಿಸಿಕೊಡುವವನಿಗೆ ಹೆಲ್ಪರ್ ಸಂಬಳ ಕೊಟ್ಟರೆ ಅವನು ಯಾಕೆ ನಿಲ್ಲುತ್ತಾನೆ?

ಇಷ್ಟಕ್ಕೆಲ್ಲ ಕೈಯಲ್ಲಿ ದುಡ್ಡು ಬೇಕಲ್ಲ, ಅದು ಇರುವುದು ಗ್ರಾಹಕ ಕಂಪನಿಯ ಅಕೌಂಟ್ಸ್ ವಿಭಾಗದಲ್ಲಿ. 2006ರ ಎಂಎಸ್‌ಎಂಇ ಅಭಿವೃದ್ಧಿ ಕಾಯ್ದೆ ಪ್ರಕಾರ ಸೂಕ್ಷ್ಮ, ಸಣ್ಣ ಉದ್ದಿಮೆಗಳಿಗೆ ಲಿಖಿತ ಒಪ್ಪಂದವಿದ್ದರೆ ಹೆಚ್ಚೆಂದರೆ 45 ದಿನ, ಇಲ್ಲದಿದ್ದರೆ 15 ದಿನದಲ್ಲಿ ಹಣ ಕೊಡಬೇಕು. ತಡವಾದರೆ ರಿಸರ್ವ್ ಬ್ಯಾಂಕ್ ಗೊತ್ತುಪಡಿಸುವ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಆದರೆ ಬಡ್ಡಿ ಕೇಳಿ ದೂರು ಕೊಟ್ಟ ಸಪ್ಲೈಯರ್‌ಗೆ ಮುಂದಿನ ಪಿಒ (ಖರೀದಿ ಆದೇಶ) ಬರುತ್ತದೆಯೇ ಎಂಬ ಭಯ ಕಾನೂನಿಗಿಂತ ದೊಡ್ಡದು. ಹಾಗಾಗಿಯೇ 2023ರಲ್ಲಿ ಆದಾಯ ತೆರಿಗೆಯ 43ಬಿ ಸೆಕ್ಷನ್‌ಗೆ ಸೇರಿಸಿದ ಎಚ್ ಉಪವಿಧಿ ನನಗೆ ತುಂಬ ಮೆಚ್ಚುಗೆಯಾಯಿತು. ಗಡುವು ಮೀರಿ ಬಾಕಿ ಉಳಿಸಿಕೊಂಡ ಖರೀದಿಯನ್ನು ಕಂಪನಿ ಆ ವರ್ಷದ ಖರ್ಚೆಂದು ತೋರಿಸುವಂತಿಲ್ಲ, ಹಣ ಕೊಟ್ಟ ವರ್ಷವೇ ತೋರಿಸಬೇಕು. ಸಣ್ಣವನು ಬಾಯಿ ತೆರೆಯದೆಯೇ ದೊಡ್ಡವನ ಆಡಿಟರ್ ಕೆಲಸ ಮಾಡುತ್ತಾನೆ. ಕೊರತೆ ಎಂದರೆ ಒತ್ತಡ ಬೀಳುವುದು ವರ್ಷದ ಕೊನೆಯಲ್ಲಿ. ಮಾರ್ಚ್‌ನಲ್ಲಿ ಚೆಕ್ ಬರುತ್ತದೆ, ಏಪ್ರಿಲ್‌ನಿಂದ ಮತ್ತೆ ಹಳೇ ಕಥೆ. ಬಾಕಿಯನ್ನು ಮೂರು ತಿಂಗಳಿಗೊಮ್ಮೆ ಲೆಕ್ಕ ಹಾಕುವ ನಿಯಮ ಬಂದರೆ, ಸಬ್ಸಿಡಿ ಇಲ್ಲದೆಯೇ ಎಷ್ಟೋ ಘಟಕಗಳು ಮುಂದಿನ ಯಂತ್ರ ಕೊಳ್ಳುತ್ತವೆ.

ಸಣ್ಣ ಘಟಕಗಳಲ್ಲಿ ಪೋಲು ತಗ್ಗಿಸಲು ಬಂದ 2023ರ ಲೀನ್ ಯೋಜನೆಯನ್ನೂ ಕೇಳಿ ತಿಳಿದುಕೊಳ್ಳಿ. ಮೇಲೆ ಹೇಳಿದ ಸೆಟಪ್ ಕಡಿತದಂಥ ಕೆಲಸಕ್ಕೆ ಬೇಕಾದ ಮಾರ್ಗದರ್ಶನದ ವೆಚ್ಚದಲ್ಲಿ ಶೇ 90ರಷ್ಟನ್ನು ಕೇಂದ್ರವೇ ಭರಿಸುತ್ತದೆ. ಇಷ್ಟು ಅಗ್ಗವಾಗಿ ಇಷ್ಟು ಫಲ ಕೊಡುವ ಯೋಜನೆ ಇನ್ನೊಂದನ್ನು ನಾನು ಕಂಡಿಲ್ಲ, ಆದರೂ ನಾನು ಹೋದ ಕಡೆಯೆಲ್ಲ ಇದರ ಹೆಸರು ಕೇಳಿದವರು ಕಡಿಮೆ.

ಈಗ ದೊಡ್ಡ ಹಣ ಬರುತ್ತಿರುವುದು ಐಟಿಐಗಳಿಗೆ. 2025ರ ಮೇ ತಿಂಗಳಲ್ಲಿ ಕೇಂದ್ರ ಸಂಪುಟ 1,000 ಸರ್ಕಾರಿ ಐಟಿಐಗಳನ್ನು ಮೇಲ್ದರ್ಜೆಗೇರಿಸಲು ಐದು ವರ್ಷಕ್ಕೆ 60,000 ಕೋಟಿಯ ಯೋಜನೆ ಒಪ್ಪಿತು: ಕೇಂದ್ರದ್ದು 30,000, ರಾಜ್ಯಗಳದ್ದು 20,000, ಉದ್ಯಮದ್ದು 10,000 ಕೋಟಿ. ಕರ್ನಾಟಕದಲ್ಲಿ ಟಾಟಾ ಟೆಕ್ನಾಲಜೀಸ್ ಜೊತೆ ಸೇರಿ 150 ಸರ್ಕಾರಿ ಐಟಿಐಗಳಲ್ಲಿ ಹೊಸ ಲ್ಯಾಬ್‌ಗಳಾಗಿವೆ. ಉದ್ಯಮದ ಪಾಲು ಎಂದಾಗ ಮೇಜಿನ ಸುತ್ತ ದೊಡ್ಡ ಕಂಪನಿಗಳೇ ಕೂರುವ ಸಂಭವ ಹೆಚ್ಚು. ಪ್ರತಿ ಐಟಿಐ ಸಮಿತಿಯಲ್ಲೂ 30 ಜನಕ್ಕಿಂತ ಕಡಿಮೆ ಇರುವ ಘಟಕದ ಇಬ್ಬರು ಮಾಲೀಕರಿಗೆ ಜಾಗ ಕೊಡಿ. ತರಗತಿ ಮುಗಿದ ಮೇಲೆ, ಸಂಜೆ ಆರರಿಂದ ಒಂಬತ್ತರವರೆಗೆ, ಆ ಲ್ಯಾಬ್‌ಗಳನ್ನು ಸುತ್ತಲಿನ ಆಪರೇಟರ್‌ಗಳಿಗೆ ತೆರೆಯಿರಿ. ಹತ್ತು ವರ್ಷ ಲೇತ್ ಮುಂದೆ ನಿಂತವನಿಗೆ ಮತ್ತೆ ಎರಡು ವರ್ಷದ ಕೋರ್ಸ್ ಬೇಕಿಲ್ಲ. ಆರು ವಾರ ಪ್ರೋಗ್ರಾಮಿಂಗ್, ಡ್ರಾಯಿಂಗ್, ಸೆಟ್ಟಿಂಗ್ ಕಲಿಸಿದರೆ ಸಾಕು. ಆ ಮೂರು ಗಂಟೆಗೆ ಅವನ ಓವರ್‌ಟೈಮ್ ಕೂಲಿ ನಷ್ಟವಾಗುತ್ತದೆ, ಅಷ್ಟನ್ನು ಯೋಜನೆಯ ಹಣದಲ್ಲಿ ತುಂಬಿಕೊಡಲೇಬೇಕು. ಇಲ್ಲದಿದ್ದರೆ ಅವನು ಬರುವುದಿಲ್ಲ.