ಪಾಪಗೇನೊ ಪರಿಣಾಮ ಅಂದರೇನು?

"ಆತ್ಮಹತ್ಯೆ ವಿಷಯ ಪೇಪರ್‌ನಲ್ಲಿ, ಟೀವಿಯಲ್ಲಿ ಬರಲೇಬಾರದು. ಸುಮ್ನೆ ಇಲ್ಲದ ಯೋಚನೆ ತಲೆಗೆ ತುಂಬಿದ ಹಾಗಾಗುತ್ತೆ." ಈ ಮಾತು ನೀವೂ ಕೇಳಿರುತ್ತೀರಿ. ಇದರಲ್ಲಿ ಅರ್ಧ ನಿಜ ಇದೆ. ಉಳಿದ ಅರ್ಧಕ್ಕೆ ಸಂಶೋಧಕರು ಕೊಟ್ಟ ಹೆಸರೇ ಪಾಪಗೇನೊ ಪರಿಣಾಮ.

ಬದುಕು ಸಾಕು ಅನ್ನಿಸಿದ ಒಬ್ಬ ವ್ಯಕ್ತಿ ಹೇಗೋ ಆ ಗಳಿಗೆ ದಾಟಿ ಈಚೆ ಬಂದ. ಅವನ ಕಥೆಯನ್ನು ಮಾಧ್ಯಮ ಹೇಳಿತು. ಅದನ್ನು ಓದಿದ, ನೋಡಿದ, ಅಂಥದೇ ಸಂಕಟದಲ್ಲಿರುವ ಇನ್ಯಾರಿಗೋ ಸಾಯುವ ಯೋಚನೆಯ ಒತ್ತಡ ಕಡಿಮೆಯಾಯಿತು. ಪಾಪಗೇನೊ ಪರಿಣಾಮ ಅಂದರೆ ಇಷ್ಟೇ.

ಪಾಪಗೇನೊ ಸಂಗೀತಗಾರ ಮೊಜಾರ್ಟ್‌ನ 'ಮಾಯಾ ಕೊಳಲು' ಒಪೇರಾದ, ಅಂದರೆ ಹಾಡುಗಳ ನಾಟಕದ, ಒಂದು ಪಾತ್ರ. ಅದರ ಮೊದಲ ಪ್ರದರ್ಶನ ನಡೆದದ್ದು 1791ರಲ್ಲಿ, ಆಸ್ಟ್ರಿಯಾದ ವಿಯೆನ್ನಾದಲ್ಲಿ. ಪಾಪಗೇನೊ ಹಕ್ಕಿ ಹಿಡಿಯುವವನು, ತಮಾಷೆಯ ಆಸಾಮಿ. ಮೆಚ್ಚಿದ ಹುಡುಗಿ ಕೈ ತಪ್ಪಿ ಹೋದಳು ಅಂದುಕೊಂಡು ಸಾಯಲು ಹೊರಡುತ್ತಾನೆ. ಆದರೆ ಮೂರು ಎಣಿಸುವವರೆಗೆ ಕಾಯುತ್ತೇನೆ ಅನ್ನುತ್ತಾನೆ. ಒಂದು... ಸುತ್ತ ನೋಡುತ್ತಾನೆ. ಎರಡು... ಯಾರಾದರೂ ಬಂದು ಬೇಡ ಅನ್ನಬಹುದೇನೋ ಅಂತ ಆಸೆ. ಮೂರು. ಯಾರೂ ಇಲ್ಲ. ಆಗ ಮೂವರು ಹುಡುಗರು ಬಂದು ಅವನನ್ನು ತಡೆಯುತ್ತಾರೆ. ನಿನ್ನ ಹತ್ತಿರ ಮಾಯದ ಗಂಟೆಗಳಿವೆಯಲ್ಲ, ಬಾರಿಸು ಅನ್ನುತ್ತಾರೆ. ಗಂಟೆಗಳು ಅವನ ಹತ್ತಿರವೇ ಇದ್ದವು, ಗಾಬರಿಯಲ್ಲಿ ಮರೆತಿದ್ದ ಅಷ್ಟೇ. ಬಾರಿಸುತ್ತಾನೆ, ಹುಡುಗಿ ಬರುತ್ತಾಳೆ.

ಆ ಎಣಿಕೆಯನ್ನು ಸ್ವಲ್ಪ ಗಮನಿಸಿ. ಸಾಯಬೇಕು ಅನ್ನಿಸುವ ಹೊತ್ತಿನಲ್ಲೂ ಬಹಳ ಜನರೊಳಗೆ ಯಾರಾದರೂ ತಡೆಯಲಿ ಅನ್ನುವ ಇನ್ನೊಂದು ದನಿ ಇರುತ್ತದೆ. ಇನ್ನೂರು ವರ್ಷದ ಹಿಂದಿನ ಒಪೇರಾ ಇದನ್ನು ಎಷ್ಟು ಸರಿಯಾಗಿ ಹಿಡಿದಿದೆ, ಅಲ್ವಾ?

ಈಗ ಮೊದಲ ಅರ್ಧದ ವಿಷಯ. ಕೆಟ್ಟ ರೀತಿಯ ವರದಿಯಿಂದ ಆತ್ಮಹತ್ಯೆಗಳು ಹೆಚ್ಚುವುದಕ್ಕೆ ವರ್ಥರ್ ಪರಿಣಾಮ ಅನ್ನುತ್ತಾರೆ. 1774ರಲ್ಲಿ ಬಂದ, ಜರ್ಮನ್ ಲೇಖಕ ಗಯಟೆಯ ಕಾದಂಬರಿಯ ನಾಯಕ ವರ್ಥರ್ ಕೊನೆಗೆ ಜೀವ ಕಳೆದುಕೊಳ್ಳುತ್ತಾನೆ. ಓದುಗರು ಅವನನ್ನು ಅನುಕರಿಸುತ್ತಾರೆ ಅನ್ನುವ ಭಯಕ್ಕೆ ಜರ್ಮನಿಯ ಲೈಪ್ಸಿಗ್‌ನಲ್ಲಿ ಪುಸ್ತಕವನ್ನೇ ನಿಷೇಧಿಸಿದ್ದರು. 1974ರಲ್ಲಿ ಅಮೆರಿಕದ ಸಮಾಜಶಾಸ್ತ್ರಜ್ಞ ಡೇವಿಡ್ ಫಿಲಿಪ್ಸ್, ಪತ್ರಿಕೆಯ ಮುಖಪುಟದಲ್ಲಿ ಇಂಥ ಸುದ್ದಿ ಬಂದ ಮೇಲೆ ಆತ್ಮಹತ್ಯೆಗಳು ಹೆಚ್ಚಾಗಿದ್ದನ್ನು ಅಂಕಿಅಂಶದಿಂದ ತೋರಿಸಿ ಈ ಹೆಸರಿಟ್ಟರು. ಹಾಗಾಗಿ ಭಯಕ್ಕೆ ಕಾರಣ ಇಲ್ಲದೇ ಇಲ್ಲ.

ವಿಯೆನ್ನಾ ನಗರಕ್ಕೂ ಈ ಕಹಿ ಅನುಭವ ಆಗಿತ್ತು. ಅಲ್ಲಿ ಮೆಟ್ರೋ ಶುರುವಾಗಿದ್ದು 1978ರಲ್ಲಿ. ಎಂಬತ್ತರ ದಶಕದ ಮಧ್ಯದಲ್ಲಿ ಮೆಟ್ರೋದಲ್ಲಿ ಆತ್ಮಹತ್ಯೆಗಳು ಜಾಸ್ತಿಯಾದವು, ಪತ್ರಿಕೆಗಳು ಪ್ರತಿಯೊಂದನ್ನೂ ರೋಚಕವಾಗಿ ಬರೆದವು. 1987ರಲ್ಲಿ ತಜ್ಞರು ಪತ್ರಕರ್ತರಿಗೆ ಮಾರ್ಗಸೂಚಿ ಕೊಟ್ಟರು. ಪತ್ರಿಕೆಗಳು ಅದನ್ನು ಪಾಲಿಸಿದವು. ಕೆಲವೇ ತಿಂಗಳಲ್ಲಿ ಮೆಟ್ರೋದ ಆ ಘಟನೆಗಳು ಮುಕ್ಕಾಲು ಭಾಗದಷ್ಟು ಇಳಿದವು. ಇಷ್ಟಕ್ಕೂ ಸುದ್ದಿಯನ್ನು ಮುಚ್ಚಿಡಿ ಅಂತ ಯಾರೂ ಕಾನೂನು ಮಾಡಿರಲಿಲ್ಲ.

ಹಾನಿ ಮಾಡುವ ಬರಹ ಇದೆ ಅಂದ ಮೇಲೆ ಕಾಪಾಡುವ ಬರಹವೂ ಇರಬಹುದಲ್ಲ? ಇದನ್ನು ಹುಡುಕಿದವರೂ ವಿಯೆನ್ನಾದವರೇ. ಸಂಶೋಧಕ ಥಾಮಸ್ ನೀಡರ್‌ಕ್ರೋಟೆನ್‌ಥಾಲರ್ ಮತ್ತು ಜೊತೆಗಾರರು 2005ರಲ್ಲಿ ಆಸ್ಟ್ರಿಯಾದ ಪತ್ರಿಕೆಗಳಲ್ಲಿ ಬಂದ ಸುಮಾರು ಐನೂರು ವರದಿಗಳನ್ನು ಬಿಡಿಸಿ ನೋಡಿದರು. 2010ರಲ್ಲಿ ಫಲಿತಾಂಶ ಪ್ರಕಟವಾಯಿತು. ಒಂದೇ ಸುದ್ದಿಯನ್ನು ಮತ್ತೆ ಮತ್ತೆ ಹಾಕಿದ ಕಡೆ ಆತ್ಮಹತ್ಯೆಗಳು ಹೆಚ್ಚಿದ್ದವು. ಸಾಯುವ ಯೋಚನೆ ಬಂದರೂ ಆ ದಾರಿಗೆ ಹೋಗದೆ ಸಂಕಟ ನಿಭಾಯಿಸಿದವರ ಬಗ್ಗೆ ಬರೆದಿದ್ದ ಕಡೆ ಕಡಿಮೆಯಾಗಿದ್ದವು. ಪಾಪಗೇನೊ ಹೆಸರು ಬಂದದ್ದು ಇಲ್ಲಿಂದ.

ಇನ್ನೂ ಹತ್ತಿರದ ಉದಾಹರಣೆ ಅಮೆರಿಕದ ರ‍್ಯಾಪ್ ಗಾಯಕ ಲಾಜಿಕ್‌ನ 2017ರ ಒಂದು ಹಾಡು. ಹಾಡಿನ ಹೆಸರೇ ಆತ್ಮಹತ್ಯೆ ತಡೆಯಲು ಅಲ್ಲಿದ್ದ ಸಹಾಯವಾಣಿಯ ಆಗಿನ ಫೋನ್ ನಂಬರ್! ಮೊದಲು ಕರೆ ಮಾಡಿದವನ ಸಂಕಟ, ಆಮೇಲೆ ಫೋನ್ ಎತ್ತಿದವರ ಮಾತು, ಕೊನೆಗೆ ಬದುಕಬೇಕು ಅನ್ನುವ ಅವನ ದನಿ. ಹಾಡು ಬಿಡುಗಡೆಯಾದಾಗ ಮತ್ತು ಎರಡು ದೊಡ್ಡ ಪ್ರಶಸ್ತಿ ಸಮಾರಂಭಗಳಲ್ಲಿ ಅದನ್ನು ಹಾಡಿದಾಗ ಜನರ ಗಮನ ತುಂಬಾ ಇತ್ತು. ಅಂಥ 34 ದಿನಗಳಲ್ಲಿ ಸಹಾಯವಾಣಿಗೆ ನಿರೀಕ್ಷೆಗಿಂತ ಸುಮಾರು ಹತ್ತು ಸಾವಿರ ಕರೆ ಜಾಸ್ತಿ ಬಂದವು, ಆತ್ಮಹತ್ಯೆಗಳು ಸುಮಾರು 245 ಕಡಿಮೆ ಇದ್ದವು ಅಂತ 2021ರ ಅಧ್ಯಯನ ಲೆಕ್ಕ ಹಾಕಿದೆ. ಹಾಡೇ ಕಾರಣ ಅಂತ ಇದರಿಂದ ಪೂರ್ತಿ ಸಾಬೀತಾಗುವುದಿಲ್ಲ, ಆದರೆ ಕಡೆಗಣಿಸುವ ಸಂಖ್ಯೆಯೂ ಅಲ್ಲ. (ನಮ್ಮಲ್ಲಿ ಇಂಥ ಉಚಿತ ಸಹಾಯವಾಣಿ ಟೆಲಿ ಮಾನಸ್, ನಂಬರ್ 14416. ಕನ್ನಡದಲ್ಲೇ ಮಾತಾಡಬಹುದು.)

ಒಂದು ಎಚ್ಚರಿಕೆ. ಸುಖಾಂತ್ಯ ಇರುವ ಕಥೆಯೆಲ್ಲ ಪಾಪಗೇನೊ ಕಥೆ ಆಗುವುದಿಲ್ಲ. "ಮನಸ್ಸು ಗಟ್ಟಿ ಮಾಡಿಕೊಂಡರು, ಗೆದ್ದರು" ಅಂತ ಎರಡು ಸಾಲಿನಲ್ಲಿ ಮುಗಿಸಿದರೆ ಕಷ್ಟದಲ್ಲಿರುವವರಿಗೆ ಏನೂ ಸಿಗುವುದಿಲ್ಲ. ಹಾಗಾದರೆ ನಾನೇ ದುರ್ಬಲ ಅನ್ನುವ ಭಾವನೆ ಬಂದರೂ ಬರಬಹುದು. ಮೊದಲು ಯಾರಿಗೆ ಹೇಳಿದರು, ಹೇಳುವಾಗ ಮಾತು ಹೇಗೆ ತಡವರಿಸಿತು, ಡಾಕ್ಟರ್ ಏನು ಕೇಳಿದರು, ಸರಿಹೋಗಲು ಎಷ್ಟು ತಿಂಗಳು ಬೇಕಾಯಿತು, ಮಧ್ಯೆ ಮತ್ತೆ ಕುಸಿದಾಗ ಏನು ಮಾಡಿದರು ಅನ್ನುವುದೇ ಬೇಕಾದ ವಿಷಯ. ಹೇಗೆ ಸಾಯಲು ಹೊರಟಿದ್ದರು, ಎಲ್ಲಿ ಅನ್ನುವ ವಿವರ ಬೇಡವೇ ಬೇಡ. ತಲೆ ಹಿಡಿದುಕೊಂಡು ಕತ್ತಲ ಮೂಲೆಯಲ್ಲಿ ಕೂತವರ ಆ ಒಂದೇ ಫೋಟೋ ಕೂಡ ಸಾಕಪ್ಪ ಅನ್ನಿಸಿದೆ.

ಮನೆಯಲ್ಲಿ ನಾವು ಆಡುವ ಮಾತಿಗೂ ಇದು ಅನ್ವಯಿಸುತ್ತದೆ. "ನಿಂಗೆ ಸಾಯಬೇಕು ಅನ್ನಿಸ್ತಿದೆಯಾ?" ಅಂತ ನೇರವಾಗಿ ಕೇಳಿದರೆ ಯೋಚನೆ ಹುಟ್ಟಿಸಿದ ಹಾಗಾಗುತ್ತದೆ ಅಂತ ನಾವು ಹೆದರುತ್ತೇವೆ. ಅಧ್ಯಯನಗಳಲ್ಲಿ ಆ ಹೆದರಿಕೆಗೆ ಆಧಾರ ಸಿಕ್ಕಿಲ್ಲ. ಕೇಳಿಸಿಕೊಂಡವರಿಗೆ ಎಷ್ಟೋ ಸಲ ಹಗುರವೇ ಆಗುತ್ತದೆ, ಕೊನೆಗೂ ಯಾರೋ ಕೇಳಿದರಲ್ಲ ಅಂತ.