ಕೆಜಿಎಫ್: ಚಿನ್ನದ ಎಳೆ ಬರೆದ ನಕ್ಷೆ

ಕೋಲಾರದ ಚಿನ್ನದ ಗಣಿಯೂರು ಕೆಜಿಎಫ್‌ನಲ್ಲಿ ಊರಿನ ನಡುಮಧ್ಯ ಎಲ್ಲಿದೆ ಎಂದು ಕೇಳಿದರೆ ಒಬ್ಬೊಬ್ಬರು ಒಂದೊಂದು ಕಡೆ ಕೈ ತೋರಿಸುತ್ತಾರೆ. ರಾಬರ್ಟ್‌ಸನ್‌ಪೇಟೆ ಅನ್ನುವವರುಂಟು, ಊರಿಗಾಂ ಅನ್ನುವವರುಂಟು, ಚಾಂಪಿಯನ್ ರೀಫ್ ಅನ್ನುವವರೂ ಉಂಟು. ಯಾರದ್ದೂ ತಪ್ಪಲ್ಲ. ನೆಲದೊಳಗಿನ ಕಲ್ಲು ಹೋದ ಕಡೆಗೆ ಹೋದ ಊರು ಇದು.

ಚಿನ್ನವಿರುವ ಬೆಣಚುಕಲ್ಲಿನ ಎಳೆ ಇಲ್ಲಿ ಉತ್ತರ–ದಕ್ಷಿಣವಾಗಿ ಹಾದಿದೆ. 1880ರ ದಶಕದಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಎಂಬ ಬ್ರಿಟಿಷ್ ಕಂಪನಿ ಅದರ ಜಾಡು ಹಿಡಿಯಿತು. ನಂದಿದುರ್ಗ, ಊರಿಗಾಂ, ಚಾಂಪಿಯನ್ ರೀಫ್, ಮೈಸೂರು ಗಣಿಗಳು ಸಾಲಾಗಿ ಎದ್ದವು. ಒಂದೊಂದು ಗಣಿಯ ಸುತ್ತ ಒಂದೊಂದು ಪುಟ್ಟ ಊರು. ಪಾಳಿಗೆ ನಡೆದೇ ಬರಲೆಂದು ಗಣಿಗೆ ಇಳಿಯುವ ಶಾಫ್ಟ್ ಪಕ್ಕದಲ್ಲೇ ಕಾರ್ಮಿಕರ ಲೈನ್ ಮನೆಗಳು: ಬಿದಿರು ತಟ್ಟಿಯ ಗೋಡೆ, ತಗಡಿನ ಮಾಡು, ಒಂದಕ್ಕೊಂದು ಅಂಟಿಕೊಂಡ ಬಾಗಿಲು. ಸಾಹೇಬರಿಗೆ ಬಂಗಲೆ, ಕ್ಲಬ್ಬು, ಗಾಲ್ಫ್ ಮೈದಾನ. ಜಾಗಕ್ಕೇನೂ ಬರವಿರಲಿಲ್ಲ ಅಲ್ವಾ! ಬಂಗಾರಪೇಟೆಯಿಂದ ಬಂದ ರೈಲು ಹಳಿಯೂ ಇದೇ ಸಾಲು ಹಿಡಿದು ಮಾರಿಕುಪ್ಪಂ ಸೇರಿತು. ಅಂಗಡಿ, ಸಂತೆಗೆಂದು ಅಳತೆ ಹಾಕಿ ಬೀದಿ ಎಳೆದ ರಾಬರ್ಟ್‌ಸನ್‌ಪೇಟೆ ಆಮೇಲಿನದು. ಮೈಸೂರು ಸಂಸ್ಥಾನದಲ್ಲಿ ಬ್ರಿಟಿಷರ ಪ್ರತಿನಿಧಿಯಾಗಿದ್ದ ಆಗಿನ ರೆಸಿಡೆಂಟ್‌ ಹೆಸರನ್ನೇ ಅದಕ್ಕಿಟ್ಟರು.

ಚಿನ್ನವೇನೋ ಇತ್ತು, ನೀರಿರಲಿಲ್ಲ. ಪಾಲಾರ್ ಹೊಳೆಯ ಬೇತಮಂಗಲ ಕೆರೆಯಿಂದ ತರಬೇಕಾಯಿತು. ಕರೆಂಟು ಬಂದದ್ದು ಶಿವನಸಮುದ್ರದಿಂದ, 1902ರಲ್ಲಿ. ಬೆಂಗಳೂರಿನ ಬೀದಿ ದೀಪಕ್ಕಿಂತ 3 ವರ್ಷ ಮೊದಲು.

ಗಣಿ ಬಿಟ್ಟುಹೋದ ದೊಡ್ಡ ಗುರುತು ಸೈನೈಡ್ ದಿಬ್ಬಗಳು. ಕಲ್ಲನ್ನು ನುಣ್ಣಗೆ ಪುಡಿಮಾಡಿ, ಸೈನೈಡ್ ದ್ರಾವಣದಲ್ಲಿ ಚಿನ್ನ ಕರಗಿಸಿ ತೆಗೆದ ಮೇಲೆ ಉಳಿದ ಕೆಸರನ್ನು ಪಕ್ಕದಲ್ಲೇ ಸುರಿದರು. ನೂರು ವರ್ಷಕ್ಕೂ ಜಾಸ್ತಿ ಕಾಲ ಸುರಿದದ್ದು ಒಣಗಿ ಬೂದು ಗುಡ್ಡಗಳಾಗಿ ನಿಂತಿದೆ. ಮೈತುಂಬ ಮಳೆ ಕೊರೆದ ಗೀರುಗಳು. ಬೇಸಿಗೆಯಲ್ಲಿ ಜೋರು ಗಾಳಿ ಬಂದರೆ ಹಿಟ್ಟಿನಂಥ ದೂಳು ಎದ್ದು ಒಣಗಲು ಹಾಕಿದ ಬಟ್ಟೆಯ ಮೇಲೆ, ಮುಚ್ಚದ ಪಾತ್ರೆಯೊಳಗೆ ಕೂರುತ್ತದೆ. ಮಳೆಗಾಲದಲ್ಲಿ ಅದೇ ಮಣ್ಣು ತಗ್ಗಿನ ಕಡೆ ಹರಿಯುತ್ತದೆ. ಮನೆ ಹತ್ತಿರವಿರಲಿ ಎಂದದ್ದು ಪಾಳಿಯ ಅನುಕೂಲಕ್ಕೆ. ಆ ಹತ್ತಿರವೇ ಈಗ ತೊಂದರೆ.

ಚಾಂಪಿಯನ್ ರೀಫ್ 3 ಕಿಲೋಮೀಟರ್‌ಗೂ ಆಳಕ್ಕೆ ಇಳಿದಿತ್ತು. ಖರ್ಚು ಏರುತ್ತಾ ಹೋಗಿ 2001ರ ಫೆಬ್ರವರಿಯಲ್ಲಿ ಗಣಿ ಮುಚ್ಚಿತು. ಊರು ಮುಚ್ಚಲಿಲ್ಲ. ಬೆಳಗಿನ ಜಾವದ ರೈಲು ಹತ್ತಿ ಜನ ಬೆಂಗಳೂರಿನ ಕೆಲಸಕ್ಕೆ ಓಡುತ್ತಾರೆ. ಗಣಿಗಾಗಿ ಹಾಕಿದ ಹಳಿಯೇ ಅವರ ಹೊಟ್ಟೆ ಹೊರೆಯುತ್ತಿದೆ.

ಈ ದಿಬ್ಬಗಳಲ್ಲಿ ಉಳಿದ ಚಿನ್ನ ತೆಗೆಯುವ ಯೋಜನೆಗೆ 2024ರಲ್ಲಿ ರಾಜ್ಯ ಸಂಪುಟ ಒಪ್ಪಿತು. ಕೈಗಾರಿಕಾ ಟೌನ್‌ಶಿಪ್‌ನ ಮಾತೂ ಇದೆ. ಎರಡೂ ಬರಲಿ. ಆದರೆ ಎಕರೆ ಲೆಕ್ಕಕ್ಕಿಂತ ಮೊದಲು ಗಾಳಿ ಯಾವ ಕಡೆ ಬೀಸುತ್ತದೆ, ನೀರು ಯಾವ ಕಡೆ ಇಳಿಯುತ್ತದೆ, ಕೆಳಗೆ ಎಲ್ಲೆಲ್ಲಿ ನೆಲ ಟೊಳ್ಳಾಗಿದೆ ಎಂಬುದು ನಕ್ಷೆಗೆ ಬರಬೇಕು. ದಿಬ್ಬ ಅಗೆಯುವಾಗ ಪಕ್ಕದ ಲೈನ್‌ಗಳಲ್ಲಿ ಇರುವವರನ್ನು ಎಲ್ಲಿಗೆ ಕಳಿಸುತ್ತಾರೆ? ಆ ಮನೆಗಳನ್ನು ತಮ್ಮ ಹೆಸರಿಗೆ ಮಾಡಿಕೊಡಿ ಎಂದು ಅವರು ಗಣಿ ಮುಚ್ಚಿದಾಗಿನಿಂದ ಕೇಳುತ್ತಿದ್ದಾರೆ.